ಖಾಲಿ ಕುರ್ಚಿಯ ಮೀಮಾಂಸೆ

(ವಿಶ್ವವಿದ್ಯಾಲಯದ ಕಲಾಶಾಲೆಗಳ ಬೋಧಕ ಹಾಗೂ ಮುಖ್ಯಸ್ಥ ಹುದ್ದೆಗಳು: ಐಗಳಿ ಕ್ರಾಸಿನ ನೆಲೆಯಿಂದ ಒಂದು ಬಹುಶಿಸ್ತೀಯ ಅನುಸಂಧಾನ)

1. ಪ್ರಸ್ತಾವನೆ

ಕಲಾಶಾಲೆ ಎಂಬ ಸಂಕಥನವನ್ನು ಹುದ್ದೆ ಎಂಬ ಚಹರೆಯೊಂದಿಗೆ ಮುಖಾಮುಖಿಯಾಗಿಸಿ, ಖಾಲಿತನದ ಅಸ್ಮಿತೆಯನ್ನು ಮುನ್ನೆಲೆಗೆ ತರುವುದು ಪ್ರಸ್ತುತ ಪ್ರಬಂಧದ ಆಶಯ. ಈ ವಾಕ್ಯಕ್ಕೆ ಅರ್ಥ ಹುಡುಕುವ ತೊಂದರೆ ತೆಗೆದುಕೊಳ್ಳಬೇಡಿ. ಇಂಥದ್ದನ್ನು ತಡವರಿಸದೆ ಒಪ್ಪಿಸಿದವರಿಗೆ ನೌಕರಿ ಸಿಕ್ಕಿದ್ದನ್ನು ಕಣ್ಣಾರೆ ಕಂಡೇ ನಾನೂ ಕಲಿತದ್ದು.

ಅಧ್ಯಯನದ ವ್ಯಾಪ್ತಿ: ಅಥಣಿ ತಾಲ್ಲೂಕಿನ ಐಗಳಿ. ಅಧ್ಯಯನದ ಮಿತಿ: ಐಗಳಿಯಲ್ಲಿ ವಿಶ್ವವಿದ್ಯಾಲಯದ ಕಲಾಶಾಲೆ ಇಲ್ಲ. ಇದು ಸಂಶೋಧನೆಗೆ ಅಡ್ಡಿಯಾಗದು. ವಸ್ತು ಇಲ್ಲದಿದ್ದಷ್ಟೂ ಪುಟಗಳು ಸಲೀಸಾಗಿ ತುಂಬುತ್ತವೆ. ಇಲ್ಲಿ ದ್ರಾಕ್ಷಿ ತೋಟಗಳಿವೆ, ಮಣೂಕ ಒಣಗಿಸುವ ಶೆಡ್ಡುಗಳಿವೆ, ಕಬ್ಬಿನ ಟ್ರ್ಯಾಲಿಯ ಹಿಂಬದಿಗೆ ಮಾಲೀಕನ ಹೆಸರು ಬರೆದು ಸುತ್ತ ಹೂಬಳ್ಳಿ ಎಳೆಯುವ ಪೇಂಟರ್‌ಗಳಿದ್ದಾರೆ. ಇವೆಲ್ಲ ‘ದೇಸಿ ಅಭಿವ್ಯಕ್ತಿಯ ನೆಲೆಗಳು’ ಎಂಬ ಅನುಬಂಧಕ್ಕೆ ಹೋಗುತ್ತವೆ. ಅಂದರೆ ಪರೀಕ್ಷಕರು ಬಿಚ್ಚದ ಪುಟಕ್ಕೆ.

2. ಐತಿಹಾಸಿಕ ಹಿನ್ನೆಲೆ

1956ರವರೆಗೆ ಈ ಸೀಮೆ ಮುಂಬೈಗೆ ಸೇರಿತ್ತು. ಚಿತ್ರ ಕಲಿಯುವ ಹುಚ್ಚಿದ್ದವರ ಕಣ್ಣು 1857ರಲ್ಲಿ ಶುರುವಾದ ಅಲ್ಲಿಯ ಜೆ.ಜೆ. ಕಲಾಶಾಲೆಯ ಮೇಲೆ. ನಮ್ಮ ನೆರೆಯ ಕೊಲ್ಹಾಪುರದ ಎಂ.ವಿ. ಧುರಂಧರ ಅಲ್ಲೇ ಕಲಿತು, ಅಲ್ಲೇ ಕಲಿಸಿ, ಜೀವಮಾನವೆಲ್ಲ ಅಲ್ಲೇ ಸವೆಸಿದರು. ನಿವೃತ್ತಿಯ ಅಂಚಿಗೆ ಬಂದಾಗ ಕೆಲಕಾಲ ನಿರ್ದೇಶಕರ ಕುರ್ಚಿ ಸಿಕ್ಕಿತು, ಅದೂ ಹಂಗಾಮಿ. ಇದರಿಂದ ‘ಪ್ರಭಾರ ಪರಂಪರೆ’ಯ ಪ್ರಾಚೀನತೆ ನಿಸ್ಸಂದೇಹವಾಗಿ ಸಿದ್ಧವಾಗುತ್ತದೆ.

ದಕ್ಷಿಣದಲ್ಲಿ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ 1906ರಲ್ಲಿ ಅಡಿಗಲ್ಲು ಇಟ್ಟವರು ಇಂಗ್ಲೆಂಡಿನ ಯುವರಾಜರು. ಅದೇ ಮುಂದೆ ‘ಕಾವಾ’ ಎಂಬ ದೃಶ್ಯಕಲಾ ಅಕಾಡೆಮಿ ಆಯಿತು. ನಮ್ಮ ಕಡೆ ಯುವರಾಜರು ಬರಲಿಲ್ಲ. ಧಾರವಾಡದಲ್ಲಿ ಕಲಾವಿದ ಹಾಲಭಾವಿಯವರು, ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರು ತಾವೇ ಶಾಲೆ ತೆರೆದು, ತಾವೇ ಮಾಸ್ತರಾಗಿ, ಹುಡುಗರ ಕೈ ತಿದ್ದಿದರು. ಅವರ ನೇಮಕಕ್ಕೆ ಶೋಧನಾ ಸಮಿತಿ ಇರಲಿಲ್ಲ. ಈ ಲೋಪವನ್ನು ಇತಿಹಾಸ ಇನ್ನೂ ಸರಿಪಡಿಸಿಲ್ಲ.

3. ವರ್ಗೀಕರಣ

ಹುದ್ದೆಗಳನ್ನು ಐದು ವರ್ಗಗಳಾಗಿ ವಿಂಗಡಿಸಬಹುದು: ಕಾಯಂ, ಪ್ರಭಾರ, ಹೆಚ್ಚುವರಿ ಪ್ರಭಾರ, ಅತಿಥಿ, ಮತ್ತು ಕಡತದಲ್ಲಿ ಮಾತ್ರ ಇರುವುದು.

3.1 ಕಾಯಂ. ಸಹಾಯಕ ಪ್ರಾಧ್ಯಾಪಕನ ಮೂಲವೇತನ ಯುಜಿಸಿ ಲೆಕ್ಕದಲ್ಲಿ 57,700 ರೂಪಾಯಿ. ಅಲ್ಲಿಗೆ ತಲುಪುವ ಹೆದ್ದಾರಿ ನೆಟ್ ಪರೀಕ್ಷೆ. ದೃಶ್ಯಕಲೆಗೆ ವಿಷಯ ಸಂಖ್ಯೆ 79. ಮೂರು ತಾಸು, 150 ಪ್ರಶ್ನೆ, 300 ಅಂಕ. ನಾಲ್ಕು ಉತ್ತರಗಳಲ್ಲಿ ಒಂದನ್ನು ಕಂಪ್ಯೂಟರಿನ ಮೇಲೆ ಒತ್ತಬೇಕು. ನಾಳೆ ಹುಡುಗರಿಗೆ ರೇಖೆ ಎಳೆಯಲು ಕಲಿಸುವವನು ಆ ಮೂರು ತಾಸಿನಲ್ಲಿ ಒಂದೂ ರೇಖೆ ಎಳೆಯುವುದಿಲ್ಲ. ಐಗಳಿ ಕ್ರಾಸಿನ ಪೇಂಟರ್ ಒಬ್ಬನಿಗೆ ಇದನ್ನು ವಿವರಿಸಿದೆ.

“ಯಾಕ್ರೀ ಸರ, ಒಂದ್ ಚಿತ್ರಾ ತಗಿಸಿ ನೋಡಂಗಿಲ್ಲೇನ್ರಿ?” ಅಂದ.

“ಇಲ್ಲಪಾ.”

“ಮತ್ತ ಅವಗ ತಗ್ಯಾಕ ಬರತೈತಿ ಅಂತ ಹೆಂಗ ಗೊತ್ತಾಗತೈತ್ರಿ?”

ಮಾಹಿತಿದಾರನ ಈ ಪ್ರಶ್ನೆ ನಮ್ಮ ಸೈದ್ಧಾಂತಿಕ ಚೌಕಟ್ಟಿನ ಹೊರಗಿರುವುದರಿಂದ ಕೈಬಿಡಲಾಗಿದೆ.

ಏರುವ ಮೆಟ್ಟಿಲೂ ಹೀಗೇ. ಪ್ರಾಧ್ಯಾಪಕನಾಗಲು 2018ರ ನಿಯಮದಂತೆ ಸಂಶೋಧನಾಂಕ 120 ಆಗಬೇಕು. ಕಲೆ, ಮಾನವಿಕ ವಿಭಾಗದಲ್ಲಿ ಮಾನ್ಯ ಪತ್ರಿಕೆಯ ಒಂದು ಲೇಖನಕ್ಕೆ 10 ಅಂಕ. ಹೀಗಾಗಿ ಕುಂಚ ಹಿಡಿಯಬೇಕಾದ ಕೈ ‘ಬಾದಾಮಿ ಶಿಲ್ಪಗಳಲ್ಲಿ ದೇಹ ರಾಜಕಾರಣ’ ಅಂತ ಟೈಪು ಮಾಡುತ್ತ ಕೂತಿರುತ್ತದೆ.

3.2 ಪ್ರಭಾರ. ಪ್ರಾಂಶುಪಾಲನಾಗಲು ಪಿಎಚ್‌ಡಿ, 15 ವರ್ಷ ಬೋಧನೆ, 10 ಪ್ರಕಟಣೆ, 110 ಅಂಕ ಬೇಕು. ಅವಧಿ ಐದು ವರ್ಷ. ಇಷ್ಟೆಲ್ಲ ಇದ್ದವರು ಸಿಗದಾಗ, ಅಥವಾ ಸಿಕ್ಕವರು ಬೇಡವಾದಾಗ, ಪ್ರಭಾರ ಹುಟ್ಟುತ್ತದೆ. ಪ್ರಭಾರಿ ಕುರ್ಚಿಯ ತುದಿಯಲ್ಲಿ ಕೂರುತ್ತಾನೆ. ಜೇಡಿಮಣ್ಣು ಕೊಳ್ಳುವ ಕಡತ ಬಂದರೆ ‘ಚರ್ಚಿಸಿ’ ಎಂದು ಬರೆಯುತ್ತಾನೆ. ಯಾರೊಂದಿಗೆ ಚರ್ಚಿಸಬೇಕೋ ಆ ಹುದ್ದೆಯೂ ಪ್ರಭಾರದಲ್ಲೇ ಇರುತ್ತದೆ. ಶಿಲ್ಪ ವಿಭಾಗದ ಹುಡುಗರು ಆ ವರ್ಷ ಶಿಲ್ಪಕಲೆಯ ಇತಿಹಾಸ ಓದುತ್ತಾರೆ.

3.3 ಹೆಚ್ಚುವರಿ ಪ್ರಭಾರ. ಮೇಲಿನದ್ದೇ, ಎರಡು ಕಡೆ.

3.4 ಅತಿಥಿ. ಇಲ್ಲಿ ಪರಿಭಾಷೆ ಸಾಕು.

ಎಂಎಫ್‌ಎ ಮುಗಿಸಿದ ನಮ್ಮ ಕಡೆಯ ಹುಡುಗನೊಬ್ಬ ಕಲಾಶಾಲೆಯ ಬೋಧಕ ಹುದ್ದೆಯ ಸಂದರ್ಶನವೊಂದಕ್ಕೆ ಹೋಗಿದ್ದ. ರಾತ್ರಿ ಬಸ್ಸಿನಲ್ಲಿ ಕ್ಯಾನ್ವಾಸಿನ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡೇ ಹೋದ. ಸಮಿತಿಯವರು ಚಿಂತಕ ಡೆರಿಡಾ ಬಗ್ಗೆ ಕೇಳಿದರು, ಜೆರಾಕ್ಸ್ ಪ್ರತಿಗಳ ಮೇಲೆ ಸ್ವಯಂ ದೃಢೀಕರಣ ಇದೆಯೇ ಎಂದು ಕೇಳಿದರು. ಸುರುಳಿ ಬಿಚ್ಚು ಎಂದು ಒಬ್ಬರೂ ಕೇಳಲಿಲ್ಲ. ಕಟ್ಟಿದ ದಾರ ಕಟ್ಟಿದಂತೆಯೇ ಐಗಳಿಗೆ ವಾಪಸು ಬಂತು. ಈಗ ಅವನು ಬೇರೊಂದು ಕಾಲೇಜಿನಲ್ಲಿ ತಾಸಿನ ಲೆಕ್ಕದಲ್ಲಿ ಕಲಿಸುತ್ತಾನೆ. ಕಾಲೇಜಿಗೆ ಸೂಟಿ ಬಿಟ್ಟರೆ ಅವನ ಹೊಟ್ಟೆಗೂ ಸೂಟಿ.

ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ವಾರಗಟ್ಟಲೆ ಬೀದಿಯಲ್ಲಿ ಕೂತ ಮೇಲೆ 2022ರಲ್ಲಿ ಗೌರವಧನ ತಿಂಗಳಿಗೆ ಗರಿಷ್ಠ 32,000ಕ್ಕೆ ಏರಿತು. ಅದೂ ಎಲ್ಲ ಅರ್ಹತೆ ಇದ್ದು ಐದು ವರ್ಷ ಸವೆಸಿದವರಿಗೆ. 2023ರ ಕೊನೆಗೆ ಮತ್ತೆ ಬೀದಿಗೇ ಬರಬೇಕಾಯಿತು. ಕೋಣೆ ಅದೇ, ಪಾಠ ಅದೇ, ಹುಡುಗರು ಅವರೇ. ಸಂಬಳ ಮಾತ್ರ ಕಾಯಂನವರದ್ದಕ್ಕಿಂತ ಎಷ್ಟೋ ಕಡಿಮೆ. ಇದನ್ನು ‘ಬೋಧಕ ಸಂಪನ್ಮೂಲದ ಮಿತವ್ಯಯ’ ಎಂದು ಬರೆದವನ ಪೆನ್ನು ಕಸಿದುಕೊಳ್ಳಬೇಕು ಅನಿಸುತ್ತದೆ.

ಐದನೆಯ ವರ್ಗದ ಬಗ್ಗೆ ಬರೆಯುವ ಉಮೇದು ಉಳಿದಿಲ್ಲ.

4. ಕ್ಷೇತ್ರಕಾರ್ಯ

ಅಥಣಿಯ ಚಪ್ಪಲಿ ಕುಶಲಕರ್ಮಿಗಳು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದ ಮಾಡುತ್ತಾರೆ. ಮನೆಯ ಹೆಂಗಸರು ಚರ್ಮದ ಜಡೆ ಹೆಣೆಯುತ್ತಾರೆ. ಕೊಲ್ಹಾಪುರಿ ಎಂದು ಲೋಕ ಕರೆಯುವ ಚಪ್ಪಲಿಯ ಭೌಗೋಳಿಕ ಗುರುತಿನಲ್ಲಿ 2019ರಿಂದ ಬೆಳಗಾವಿ ಜಿಲ್ಲೆಯೂ ಇದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅದೇ ಮಾದರಿ ತೊಡಿಸಿ ಮೆರೆಸಿತು. ಮೂಲ ಯಾವುದೆಂದು ಹೇಳಲಿಲ್ಲ. ಗದ್ದಲ ಎದ್ದ ಮೇಲೆ ಒಪ್ಪಿಕೊಂಡಿತು.

ಇದರ ಮೇಲೆ ಇನ್ನು ವಿಚಾರ ಸಂಕಿರಣಗಳಾಗುತ್ತವೆ. ಪತ್ರಿಕೆಯಲ್ಲಿ ಅಚ್ಚಾದ ಪೇಪರಿಗೆ 10 ಅಂಕದಂತೆ ಹಲವರಿಗೆ ಬಡ್ತಿಯೂ ಆದೀತು. ಚರ್ಮ ಹದ ಮಾಡುವವನು ಮಾತ್ರ ಕಲಾಶಾಲೆಯ ಒಳಗೆ ಬಂದು ಕಾಯಂ ಬೋಧಕನಾಗಿ ಒಂದು ದಿನವೂ ಕಲಿಸಲಾರ. ಸಾಧಕ ಕಲಾವಿದರಿಗೆಂದು ಯುಜಿಸಿ ನಿಯಮದಲ್ಲಿ ಬೇರೊಂದು ಬಾಗಿಲು ಇದೆ ನಿಜ. ಅದನ್ನು ದಾಟಲೂ ಪದವಿ ಪ್ರಮಾಣಪತ್ರ ತೋರಿಸಬೇಕು. 1940ರ ದಶಕದಲ್ಲಿ ಜೆ.ಜೆ.ಯಲ್ಲಿ ಕಲಿಸಿದ ನಮ್ಮ ಕೆ.ಕೆ. ಹೆಬ್ಬಾರರು, 1922ರಿಂದ ಶಾಂತಿನಿಕೇತನದ ಕಲಾಭವನ ನಡೆಸಿದ ನಂದಲಾಲ್ ಬೋಸರು ಇಂದು ಅರ್ಜಿ ಹಾಕಿದರೆ ಪಿಎಚ್‌ಡಿ ಕಾಲಂ ಖಾಲಿ. ಪರಿಶೀಲನೆಯ ಮೇಜಿನಲ್ಲೇ ಕೆಂಪು ಗೆರೆ. ಇಡೀ ಪ್ರಕ್ರಿಯೆಯಲ್ಲಿ ಯಾರಾದರೂ ಕೈಯಿಂದ ಎಳೆಯುವ ಗೆರೆ ಅದೊಂದೇ.

5. ಶಿಫಾರಸು

ಇಪ್ಪತ್ತು ಪುಟಗಳ ಶಿಫಾರಸು ಬರೆಯುವುದು ರೂಢಿ. ನನ್ನದು ಒಂದೇ ವಿನಂತಿ: ಮುಂದಿನ ಸಂದರ್ಶನದ ಕೋಣೆಯಲ್ಲಿ ಹಾಳೆ, ಪೆನ್ಸಿಲ್ ಇಡಿ. ಅಭ್ಯರ್ಥಿಯ ಮುಂದೆ ಒಂದು, ಸಮಿತಿಯ ಪ್ರತಿಯೊಬ್ಬ ಸದಸ್ಯರ ಮುಂದೆಯೂ ಒಂದೊಂದು.