ಪುಕ್ಕಟೆ ವಿಡಿಯೊದ ಹುಡುಗನಿಗೆ

ಮನೆಯಲ್ಲಿ ಹುಡುಗನೊಬ್ಬ ಡಿಎಸ್‌ಎಲ್‌ಆರ್ ಕೊಂಡರೆ ಅವನಿಗಿಂತ ಹೆಚ್ಚು ಹಿಗ್ಗುವವರು, ವೈಶಾಖದಲ್ಲಿ ಮಗಳ ಮದುವೆ ಇಟ್ಟುಕೊಂಡ ನೆಂಟರು. 'ವಿಡಿಯೊದವರಿಗೆ ಯಾಕ್ರೀ ದುಡ್ಡು ಸುರೀಬೇಕು? ನಮ್ಮ ಹುಡುಗನೇ ಇದಾನಲ್ಲ!' ನೀನೂ ಕುಣಿದುಕೊಂಡು ಒಪ್ಪಿಬಿಟ್ಟೆ. ಈಗ ಕೇಳು ಮಾರಾಯ.

ನಿನಗಿರುವುದು ಒಂದೇ ಹುಚ್ಚು: ಹಿನ್ನೆಲೆ ಬ್ಲರ್ ಆಗಬೇಕು. 50 ಎಂಎಂ ಲೆನ್ಸನ್ನು ಎಫ್/1.8ಕ್ಕೆ ತೆರೆದು ನಿಂತುಬಿಡುತ್ತೀಯ. ಫೋಟೊಗಾದರೆ ಮದುಮಗಳು ಗೊಂಬೆಯ ಹಾಗೆ ನಿಂತಾಳು. ವಿಡಿಯೊದಲ್ಲಿ ಅವಳು ಅಲುಗಾಡುತ್ತಾಳಲ್ಲ! ತುಸು ಮುಂದೆ ಬಾಗಿದರೆ ಸಾಕು, ಜುಮಕಿ ಸ್ಪಷ್ಟ, ಮುಖ ಮಾಯ. ಎಫ್/4, ಎಫ್/5.6 ಇಟ್ಟುಕೋ. ಹಿಂದೆ ಕೂತ ಸೋದರಮಾವನೂ ಕಾಣಲಿ, ಪಾಪ, ಉಂಗುರ ಕೊಟ್ಟಿದ್ದಾರೆ. ಆಟೋಫೋಕಸ್ಸನ್ನು ನೆಚ್ಚಿಕೊಂಡೆಯೋ, ಮೋಟರಿನ ಗುರುಗುರು ಸದ್ದು ಮಂತ್ರದ ನಡುವೆ ಸೇರಿಕೊಳ್ಳುತ್ತದೆ. ಪರದೆಯಲ್ಲಿ ದೊಡ್ಡದು ಮಾಡಿ ನೋಡಿ, ಕೈಯಲ್ಲೇ ಫೋಕಸ್ ಮಾಡು.

ಛತ್ರದ ಟ್ಯೂಬ್‌ಲೈಟು ಇನ್ನೊಂದು ತಮಾಷೆ. ನಮ್ಮ ಕರೆಂಟು 50 ಹರ್ಟ್ಸ್‌ನದು; ಹಳೇ ಚೋಕಿನ ಟ್ಯೂಬು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ನಮ್ಮ ಕಣ್ಣಿಗೆ ಬೀಳದ್ದು ಕ್ಯಾಮೆರಾದ ಕಣ್ಣಿಗೆ ಬೀಳುತ್ತದೆ. ಮೆನುವಿನಲ್ಲಿ ಎನ್‌ಟಿಎಸ್‌ಸಿ ಬಿಟ್ಟು ಪಾಲ್ ಆರಿಸು. 25 ಫ್ರೇಮು, ಶಟರ್ 1/50. ಇಲ್ಲದಿದ್ದರೆ ಮದುಮಗನ ಮುಖದ ಮೇಲೆ ಪಟ್ಟೆಪಟ್ಟೆ ಓಡಾಡಿ, ಬೀಗರಿಗೆ ಅನುಮಾನ ಬಂದೀತು. ಬಿಸಿಲಿಗೆ ಬಂದಾಗ ಬೆಳಕು ಹೆಚ್ಚಾಯಿತೆಂದು ಶಟರನ್ನು 1/1000ಕ್ಕೆ ಏರಿಸಬೇಡ, ಓಲಗದವರ ಕೈ ತಟಪಟ ಅಂತ ತುಂಡುತುಂಡಾಗಿ ಆಡುತ್ತದೆ. ಲೆನ್ಸಿಗೊಂದು ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕು. ಇನ್ನು ಕ್ಯಾಮೆರಾ ಅಲುಗದಂತೆ ಸ್ಟ್ಯಾಂಡ್ ತಾರದವನಿಗೆ ಊಟ ಹಾಕಬಾರದು ಅಂತ ನನ್ನ ವಾದ.

ಧ್ವನಿಯ ಗತಿ? ಕ್ಯಾಮೆರಾದ ಮೈಕಿಗೆ ಪುರೋಹಿತರಿಗಿಂತ ಪಕ್ಕದ ಫ್ಯಾನೇ ಹತ್ತಿರದ ನೆಂಟ. ಒಂದು ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಪುರೋಹಿತರ ಪಕ್ಕ ಇಡು. ಆಮೇಲೆ ದನಿ, ಚಿತ್ರ ಎರಡನ್ನೂ ಹೊಂದಿಸಲು ಶುರುವಿಗೆ ಒಂದು ಚಪ್ಪಾಳೆ ತಟ್ಟು. ಸುತ್ತಲಿನವರೂ ತಟ್ಟಿದರೆ ನಾನು ಹೊಣೆಯಲ್ಲ.

ಇನ್ನು ಮುಖ್ಯವಾದದ್ದು. 2008ರಲ್ಲಿ ನಿಕಾನ್ ಡಿ90, ವಿಡಿಯೊ ತೆಗೆಯುವ ಮೊದಲ ಡಿಎಸ್‌ಎಲ್‌ಆರ್, ಬಂದಾಗ ಎಚ್‌ಡಿಯಲ್ಲಿ ಒಮ್ಮೆಗೆ ಐದೇ ನಿಮಿಷ ಓಡುತ್ತಿತ್ತು. ಆಮೇಲೆ ಬಂದ ಎಷ್ಟೋ ಮಾಡೆಲ್‌ಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ. ಯಾಕೆ ಗೊತ್ತೇ? ಒಂದೇ ಸಮನೆ ಅರ್ಧ ಗಂಟೆ ತೆಗೆದರೆ ಯುರೋಪಿನ ಸುಂಕದವರು ಅದನ್ನು ವಿಡಿಯೊ ಕ್ಯಾಮೆರಾ ಎಂದು ಲೆಕ್ಕ ಹಾಕಿ ಹೆಚ್ಚು ಸುಂಕ ಕೇಳುತ್ತಿದ್ದರು. ಕಂಪನಿಗಳು ಒಂದು ಸೆಕೆಂಡ್ ಕಚ್ಚಿ ಜಾರಿಕೊಂಡವು. ಅವರ ಸುಂಕ ಉಳಿಯಿತು, ತುಮಕೂರಿನ ಛತ್ರದಲ್ಲಿ ನಿನ್ನ ಕ್ಯಾಮೆರಾ ಗಟ್ಟಿಮೇಳಕ್ಕೆ ಸರಿಯಾಗಿ ಕಣ್ಣು ಮುಚ್ಚೀತು. ಇದನ್ನೆಲ್ಲ ಹುಡುಗಿಯ ಅಮ್ಮನಿಗೆ ವಿವರಿಸುವ ಧೈರ್ಯವಿದ್ದರೆ ಸರಿ. ಇಲ್ಲವಾದರೆ ಅಂತರಪಟ ಹಿಡಿಯುವ ಹೊತ್ತಿಗೇ ಒಮ್ಮೆ ನಿಲ್ಲಿಸಿ ಮತ್ತೆ ಒತ್ತು, ಕೆಂಪು ಚುಕ್ಕೆ ಬಂತಾ ನೋಡಿಕೋ.