ಅಷ್ಟಭೋಗ ಸಮೇತ

ಗುಬ್ಬಿ ಪೇಟೆಯಲ್ಲಿ ನಮ್ಮ ತಾತ ಕಟ್ಟಿಸಿದ ಮನೆ ಆ ಕಾಲಕ್ಕೆ ರಸ್ತೆಯಿಂದ ಎರಡು ಮೆಟ್ಟಿಲು ಮೇಲಿತ್ತಂತೆ. ನಾವು ಮಾರಲು ಹೊರಟಾಗ ಎರಡು ಮೆಟ್ಟಿಲು ಕೆಳಗಿತ್ತು. ಮನೆಯೇನೂ ಕುಸಿದಿರಲಿಲ್ಲ, ಆ ಬೀದಿಯಲ್ಲಿ ಇಷ್ಟು ವರ್ಷ ತನ್ನ ಮಟ್ಟ ಕಾಯ್ದುಕೊಂಡು ಬಂದದ್ದು ಅದೊಂದೇ. ಬೆಳೆದದ್ದು ರಸ್ತೆ. ಚುನಾವಣೆ ಬಂದಾಗಲೆಲ್ಲ ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು, ಅದರ ಮೇಲೆ ಕಾಂಕ್ರೀಟು. ಪ್ರಜಾಪ್ರಭುತ್ವ ಹೀಗೆ ಪದರಪದರವಾಗಿ ಮೇಲೇರಿ ನಮ್ಮ ಹೊಸಿಲು ದಾಟಿತು. ಮಳೆ ಬಂದರೆ ಬೀದಿಯ ನೀರೆಲ್ಲ ಪಡಸಾಲೆಗೆ ಇಳಿದು, ತೊಟ್ಟಿಯಲ್ಲಿ ದಣಿವಾರಿಸಿಕೊಂಡು, ಬಚ್ಚಲ ತೂಬಿನಿಂದ ಹಿತ್ತಿಲು ಸೇರುತ್ತಿತ್ತು. ಆ ಬೀದಿಗೆ ಬೇರೆ ಚರಂಡಿಯ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಉಳಿದ ದೋಷಗಳು ಸಣ್ಣವು. ಪಶ್ಚಿಮದ ಮಣ್ಣಿನ ಗೋಡೆ ಪಕ್ಕದ ಮನೆಯವರ ಮಾತು ಕೇಳಿಸಿಕೊಳ್ಳುವವರ ಹಾಗೆ ಆ ಕಡೆಗೆ ವಾಲಿತ್ತು. ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಬಾಗಿಲಿಗೆ ನೇರ ಎದುರಾಗಿ ಒಂದು ರಸ್ತೆ ಬಂದು ನಿಲ್ಲುತ್ತಿದ್ದುದರಿಂದ ಬೀದಿಕುತ್ತು. ಹಿಂದಿನ ಮನೆಯವರ ಕಾಂಪೌಂಡು ನಮ್ಮ ಹಿತ್ತಿಲೊಳಗೆ ಒಂದಡಿ ಬಂದಿತ್ತು. ಖಾತೆ ಮಾತ್ರ ಅಲ್ಲಾಡದೆ ತಾತನ ಹೆಸರಿನಲ್ಲೇ ನಿಂತಿತ್ತು.

ರಿಪೇರಿಗೆಂದು ಕರೆಸಿದ ಮೇಸ್ತ್ರಿ ಒಳಗೂ ಬರಲಿಲ್ಲ. ರಸ್ತೆಯಲ್ಲೇ ನಿಂತು ಸೂರಿನ ಮೇಲಿಂದ ಒಳಗೆ ಇಣುಕಿ, “ಮುಟ್ಬ್ಯಾಡಿ ಸಾರ್. ಎಲ್ಲಾ ಒಂದಕ್ಕೊಂದು ಆತ್ಕೊಂಡು ನಿಂತವೆ. ಒಂದ್ನ ಸರಿ ಮಾಡಿದ್ರೆ ಇನ್ನೊಂದಕ್ಕೆ ಬೇಜಾರಾಗ್ತದೆ” ಎಂದ. ನಮ್ಮ ಕುಟುಂಬದ ಬಗ್ಗೆಯೂ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಕುಟುಂಬ ಎಂದರೆ ಬೆಂಗಳೂರಿನ ಅಣ್ಣ, ಕುಣಿಗಲ್ಲಿನ ಅಕ್ಕ, ತುಮಕೂರಿನ ನಾನು. ಮೂವರಿಗೂ ಅನುಕೂಲವೆಂದು ಕ್ಯಾತಸಂದ್ರದ ಒಂದು ಹೋಟೆಲಿನಲ್ಲಿ ತಟ್ಟೆ ಇಡ್ಲಿಯ ಮುಂದೆ ಸಭೆ ಸೇರಿದೆವು. ಡಲ್ಲಾಸ್‌ನಲ್ಲಿರುವ ಅಣ್ಣನ ಮಗ ಫೋನಿನಲ್ಲೇ ಹಾಜರಾದ. ಆ ಊರಿನಲ್ಲಿ 1996ರಲ್ಲೇ ಹೋಮ್‌ವೆಸ್ಟರ್ಸ್ ಎಂಬ ಕಂಪನಿ ಹುಟ್ಟಿತಂತೆ. ‘ವಿಕಾರ ಮನೆ ಕೊಳ್ಳುತ್ತೇವೆ’ ಎಂದು ರಸ್ತೆ ಬದಿಯಲ್ಲಿ ಹಳದಿ ಫಲಕ ಹಾಕಿ, ಸೋರುವುದನ್ನು, ಬಿರುಕು ಬಿಟ್ಟಿದ್ದನ್ನು, ವ್ಯಾಜ್ಯದಲ್ಲಿರುವುದನ್ನು ಇದ್ದ ಹಾಗೇ ಕೊಂಡು ದುಡ್ಡು ಎಣಿಸುತ್ತದಂತೆ. ನಾವೂ ಹಾಗೇ ಮಾರಬೇಕು ಎಂದ.

ಅಕ್ಕ ಇಡ್ಲಿ ಬಿಟ್ಟು ತಲೆಯೆತ್ತಿದಳು. “ವಿಕಾರ ಅಂದ್ನಾ? ಅವರಪ್ಪ ಹುಟ್ಟಿದ ಮನೆ ಕಣೋ ಅದು!”

“ಅವನು ಅಂದಿದ್ದಲ್ಲ ಅಕ್ಕ, ಕಂಪನಿಯವರು ಅಂದಿದ್ದು.”

“ಅಮೇರಿಕಾದೋರು ಗುಬ್ಬಿಗೆ ಬಂದು ಯಾವಾಗ ನೋಡಿದ್ರು?”

ಗುಬ್ಬಿಯಲ್ಲಿ ಹಳದಿ ಫಲಕ ಇರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಬ್ರೋಕರ್ ಇದ್ದರು. ಅವರ ನಿಘಂಟಿನಲ್ಲಿ ಜನರು ಇರಲಿಲ್ಲ, ಪಾರ್ಟಿಗಳಿದ್ದವು. ಪಾರ್ಟಿಗಳಲ್ಲಿ ಉತ್ತಮ ಜಾತಿಯದು ರೆಡಿ ಕ್ಯಾಶ್ ಪಾರ್ಟಿ. “ಇದ್ದಂಗೇ ತಗೋತಾರೆ ಸಾರ್. ನೀವು ಒಂದು ಮೊಳೆ ಹೊಡಿಸ್ಬ್ಯಾಡಿ, ಸುಣ್ಣ ಬಳಿಸ್ಬ್ಯಾಡಿ. ಕಸ ಗುಡಿಸೋದೂ ಅವ್ರದೇ.”

ಬ್ರೋಕರ್ ಮಾತಿನಲ್ಲಿ ಹೆಲಿಕಾಪ್ಟರ್ ಹಾರುತ್ತಿತ್ತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರುವರಿ 6ರಂದು ಪ್ರಧಾನಿ ಬಂದು ಉದ್ಘಾಟಿಸಿ ಹೋದರು. 615 ಎಕರೆಯ ಆ ಜಾಗದ ಗಾಳಿ ಸುತ್ತಮುತ್ತಲ ಸೈಟುಗಳ ಬೆಲೆಗೂ ಬೀಸಿತು. ಕೊಳ್ಳಲು ಬಂದವರಿಗೆ ಬ್ರೋಕರ್, “ಹೆಲಿಕಾಪ್ಟರ್ ಫ್ಯಾಕ್ಟರಿ ಬಂದೈತೆ ಸಾರ್, ನಾಳೆ ಗುಬ್ಬಿ ಹಿಡಿಯೋಕಾಗಲ್ಲ” ಎನ್ನುತ್ತಿದ್ದರು. ನಮ್ಮ ಕಡೆ ತಿರುಗಿ, “ಫ್ಯಾಕ್ಟರಿ ಎಲ್ಲೋ ಕಾವಲ್ನಾಗೈತೆ ಸಾರ್, ನಿಮ್ಮ ಮನೆ ಮೇಲೇನು ಹೆಲಿಕಾಪ್ಟರ್ ಇಳೀತದಾ?” ಎನ್ನುತ್ತಿದ್ದರು. ಎರಡೂ ನಿಜ. ಯಾವ ನಿಜವನ್ನು ಯಾರ ಕಿವಿಗೆ ಹಾಕಬೇಕು ಎಂಬುದಕ್ಕೇ ಅವರಿಗೆ ಕಮಿಷನ್.

ಮೊದಲು ಬಂದ ಪಾರ್ಟಿ ಮನೆಯನ್ನು ಅಳೆದೂ ಸುರಿದೂ 18 ಲಕ್ಷ ಎಂದಿತು. ನಾವು ಮುಖ ಸಿಂಡರಿಸಿದೆವು. ಎರಡನೆಯದು ಅಟ್ಟ ಹತ್ತಿ ಇಳಿದು, ತಲೆಯ ಜೇಡರಬಲೆ ಕೊಡವಿಕೊಂಡು 16 ಎಂದಿತು. ಮೂರನೆಯದು ಬೀದಿಕುತ್ತು ನೋಡಿ ಬಾಗಿಲಲ್ಲೇ ಕೈಮುಗಿದು, ಬೆಲೆಯನ್ನೂ ಹೇಳದೆ ಹೊರಟುಹೋಯಿತು. ನಾಲ್ಕನೆಯದು ಬಂದು, “19 ಕೊಡ್ತೀನಿ, ಆದ್ರೆ ಇವತ್ತೇ ಹೇಳ್ಬೇಕು” ಎಂದಾಗ ನಮಗೆ ದೇವರೇ ಕಂಡಂತಾಯಿತು. ಮೊದಲ ಮೂವರೂ ನಾಲ್ಕನೆಯವರ ಕಡೆಯವರೇ ಎಂದು ತಿಳಿದದ್ದು ಬಹಳ ಕಾಲದ ಮೇಲೆ. ಕೈಮುಗಿದು ಹೋದಾತನ ಪಾತ್ರವಂತೂ ಮರೆಯುವಂಥದ್ದಲ್ಲ. ಎಷ್ಟಾದರೂ 1884ರಲ್ಲಿ ನಾಟಕ ಕಂಪನಿ ಕಟ್ಟಿ, ವೀರಣ್ಣನವರಂಥ ನಟನನ್ನು ಕೊಟ್ಟ ಊರು. ರಂಗದ ಮೇಲೆ ನಿಜವಾದ ಆನೆ ತರಿಸಿದ ಪರಂಪರೆಯವರಿಗೆ ಒಂದು ಪಡಸಾಲೆಗೆ ಮೂವರು ಗಿರಾಕಿಗಳನ್ನು ತರಿಸುವುದು ಯಾವ ಮಹಾ ಕೆಲಸ?

19 ಲಕ್ಷದ ಲೆಕ್ಕವನ್ನು ಪಾರ್ಟಿಯೇ ಬಿಡಿಸಿ ಹೇಳಿದರು. ಕಟ್ಟಡಕ್ಕೆ ಬೆಲೆ ಇಲ್ಲ, ಸೈಟಿಗಷ್ಟೇ. ಸೈಟಿನ ಬೆಲೆಯಲ್ಲಿ ಕೆಡವುವ ಖರ್ಚು ಕಳೆಯಬೇಕು, ರಸ್ತೆ ಮಟ್ಟಕ್ಕೆ ಮಣ್ಣು ತುಂಬುವ ಖರ್ಚು ಕಳೆಯಬೇಕು, ಒತ್ತುವರಿಯಾದ ಒಂದಡಿ ಕಳೆಯಬೇಕು. ಮುದ್ರಾಂಕ ಶುಲ್ಕ ನೂರಕ್ಕೆ 5. ನೋಂದಣಿ ಶುಲ್ಕ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ, ಆ ಸಂಕಟವನ್ನೂ ಕಳೆಯಬೇಕು. ಕೂಡಿಸುವುದು ಏನೂ ಇಲ್ಲವೇ ಎಂದು ಅಣ್ಣ ಕೇಳಿದ. ಹಳೆಯ ಹೊನ್ನೆ ಬಾಗಿಲು, ಕೆತ್ತನೆಯ ಕಂಬ, ಕಲ್ಲು ಚಪ್ಪಡಿ, ಹೆಂಚು ಇವೆಲ್ಲ ಬೆಂಗಳೂರಿನ ರೆಸಾರ್ಟುಗಳಿಗೆ ಒಳ್ಳೆ ಬೆಲೆಗೆ ಹೋಗುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಪಾರ್ಟಿ ಬೇಸರದಿಂದ ನಕ್ಕರು. “ಇದ್ದಂಗೇ ತಗೋತೀನಿ ಅಂದಮೇಲೆ ಬಾಗ್ಲು ಬಿಟ್ಟು ತಗೊಳಕಾಗ್ತದಾ ಸಾರ್?” ಮನೆಯ ಕೆಟ್ಟದ್ದೆಲ್ಲ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುತ್ತಿತ್ತು, ಒಳ್ಳೆಯದೆಲ್ಲ ಒಟ್ಟಿಗೆ ಸೇರಿ ‘ಇದ್ದಂಗೆ’ ಆಗಿಬಿಡುತ್ತಿತ್ತು.

ಇಷ್ಟು ಕೇಳಿಯೂ ನಾವು ಎದ್ದು ಹೋಗದಿದ್ದುದಕ್ಕೆ ಕಾರಣವಿದೆ. ಮಣ್ಣಿನ ಗೋಡೆಯ, ಸತ್ತವರ ಹೆಸರಿನಲ್ಲಿ ಖಾತೆಯಿರುವ ಮನೆಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಮನೆ ಬೇಕಾಗಿ ಕೊಳ್ಳುವ ಮೇಷ್ಟ್ರು, ಗುಮಾಸ್ತರು ಬ್ಯಾಂಕನ್ನು ನಂಬಿಕೊಂಡು ಬರುವವರು. ಅವರು ಮೊದಲ ದಾಖಲೆ ನೋಡಿದಲ್ಲೇ ಮರೆಯಾಗುತ್ತಾರೆ. ಉಳಿಯುವವನು ಕೈಯಲ್ಲಿ ದುಡ್ಡಿರುವವನೊಬ್ಬನೇ. ಅವನೊಬ್ಬನೇ ಉಳಿದಿದ್ದಾನೆ ಎಂಬುದು ನಮಗಿಂತ ಮೊದಲು ಅವನಿಗೆ ಗೊತ್ತಿರುತ್ತದೆ.

ಇನ್ನು ಆ ಕ್ಯಾಶ್. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ ಎಂದು 2015ರ ಜೂನ್ 1ರಿಂದ ಆದಾಯ ತೆರಿಗೆ ಕಾನೂನು ಹೇಳುತ್ತಿದೆ. ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ದಂಡ. ಬ್ಯಾಂಕಿನಿಂದ ನಿವೃತ್ತನಾದ ಅಣ್ಣ ಇದನ್ನು ಓದಿ ಹೇಳಿದಾಗ ಬ್ರೋಕರ್ ಅವನನ್ನು ಕನಿಕರದಿಂದ ನೋಡಿದರು. ಕೊನೆಗೆ ರೆಡಿ ಕ್ಯಾಶ್ ಪಾರ್ಟಿ ಟೋಕನ್ ಎಂದು 19,000 ರೂಪಾಯಿ ಎಣಿಸಿ ಕೊಟ್ಟು, ಮಿಕ್ಕಿದ್ದನ್ನೆಲ್ಲ ಆರ್‌ಟಿಜಿಎಸ್ ಮಾಡಲು ಒಪ್ಪಿದರು.

ಗೋಡೆ, ಗೆದ್ದಲು, ಕುತ್ತು ಯಾವುದಕ್ಕೂ ಹೆದರದ ಪಾರ್ಟಿ ಹೆದರಿದ್ದು ನಮ್ಮ ಅಕ್ಕನಿಗೆ. “ಗೋಡೆ ಜೆಸಿಬೀಲಿ ಬೀಳಿಸ್ಬೋದು ಸಾರ್. ಹೆಣ್ಮಕ್ಕಳ ಸೈನಿಗೆ ಜೆಸಿಬಿ ಇಲ್ಲ” ಎಂದರು. ಅನುಭವದ ಮಾತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತ್ತು. ಅಷ್ಟರಲ್ಲಿ ಮದುವೆಯಾಗಿದ್ದವರಿಗೆ ಅದು ಅನ್ವಯಿಸುತ್ತಿರಲಿಲ್ಲ. 2005ರಲ್ಲಿ ಕೇಂದ್ರದ ಕಾನೂನು ಮದುವೆಯ ಮಾತನ್ನೇ ತೆಗೆಯಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹುಟ್ಟಿನ ಹಕ್ಕು ಹೋಗುವುದಿಲ್ಲ ಎಂದಿತು. ಅಕ್ಕ ಇದನ್ನು ತನ್ನದೇ ರೀತಿಯಲ್ಲಿ ಹೇಳುತ್ತಾಳೆ: “ಮೊದಲ್ನೇ ಕಾನೂನು ಬರೋದ್ರೊಳಗೆ ಅಪ್ಪ ನನ್ನ ಮದುವೆ ಮಾಡಿ ಕಳಿಸಿಬಿಟ್ರು. ಎರಡನೇದು ಕುಣಿಗಲ್ಲಿಗೇ ಹುಡುಕ್ಕೊಂಡು ಬಂತು.”

ಹಿಂದಿನವರು ಇಂಥ ಹೊತ್ತಿನಲ್ಲಿ ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಬರೆಸಿಕೊಳ್ಳುತ್ತಿದ್ದರು. ಅಣ್ಣ ಮೈಸೂರು ಸಿಲ್ಕ್ ಸೀರೆ ತಂದಿದ್ದ. ಅಕ್ಕ ಸೀರೆಯನ್ನೂ ತೆಗೆದುಕೊಂಡಳು, ಮೂರನೇ ಒಂದು ಪಾಲನ್ನೂ ತೆಗೆದುಕೊಂಡಳು.

ದಾಖಲೆಗಳ ಕಥೆಯನ್ನು ಬೆಳೆಸುವುದಿಲ್ಲ. ವಂಶವೃಕ್ಷ, ಮರಣ ಪ್ರಮಾಣಪತ್ರ, ಪೌತಿ ಖಾತೆ. 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನೋಂದಣಿಯೇ ಇಲ್ಲವಾದ್ದರಿಂದ ಅದೂ ಒಂದು. ಇದ್ದ ಹಾಗೇ ಮಾರಲು ಹೊರಟ ಮನೆಯಲ್ಲಿ ಒಂದು ಹೆಂಚೂ ಕದಲಲಿಲ್ಲ, ಅದರ ಕಾಗದಗಳು ಮಾತ್ರ ತಳಪಾಯದಿಂದ ಹೊಸದಾಗಿ ಎದ್ದವು.

ನೋಂದಣಿಗೆ ಮುಂಚೆ ಪತ್ರ ಬರಹಗಾರರ ಬಳಿ ಎಲ್ಲರೂ ಕುಳಿತೆವು. ಅಣ್ಣ ಅಕ್ಕನಿಗೆ ಒಂದು ಮಾತು ಹೇಳಬಾರದಿತ್ತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಕೊಳ್ಳುವವನ ಕಣ್ಣಿಗೆ ಸುಲಭಕ್ಕೆ ಬೀಳದ ದೊಡ್ಡ ದೋಷವಿದ್ದರೆ ಮಾರುವವನೇ ಹೇಳಬೇಕು ಎಂದುಬಿಟ್ಟಿದ್ದ. ಅಕ್ಕ ಅದನ್ನು ವ್ರತದಂತೆ ಹಿಡಿದಳು. ಅಡಿಗೆಮನೆಯ ಮೂಲೆಯಲ್ಲಿ ಹಾವಿನ ಪೊರೆ ಸಿಕ್ಕಿದ್ದು, ಮುಚ್ಚಿದ ಬಾವಿಯ ಮೇಲೇ ಬಚ್ಚಲು ಇರುವುದು, ನಡುಮನೆಯ ನೆಲ ಒಂದು ಕಡೆ ಟೊಳ್ಳು ಸದ್ದು ಮಾಡುವುದು, ಎಲ್ಲ ಹೇಳಿದಳು. ಪಾರ್ಟಿ ಒಂದೊಂದಕ್ಕೂ ಹೂಂಗುಟ್ಟುತ್ತಿದ್ದರು. ಟೊಳ್ಳು ಸದ್ದಿಗೆ ಮಾತ್ರ ಹೂಂಗುಟ್ಟಲಿಲ್ಲ.

ಪತ್ರ ಬರಹಗಾರರು ಕ್ರಯಪತ್ರ ಓದತೊಡಗಿದರು. ವಿಜಯನಗರದ ಅರಸರು ಊರುಗಳನ್ನು ದಾನ ಕೊಟ್ಟಾಗ ತಾಮ್ರದ ಮೇಲೆ ಕೊರೆಸಿದ ಮಾತೇ ನಮ್ಮ ಮನೆಗೂ ಬಂತು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತವಾಗಿ. ನಾನು ಮನಸ್ಸಿನಲ್ಲೇ ತಾಳೆ ನೋಡಿದೆ. ಜಲ ಮೇಲಿಂದಲೂ ಬರುತ್ತಿತ್ತು, ಬೀದಿಯಿಂದಲೂ ಬರುತ್ತಿತ್ತು. ಪಾಷಾಣ ದಿನಕ್ಕೊಂದು ಗೋಡೆಯಿಂದ ಉದುರುತ್ತಿತ್ತು. ಅಕ್ಷೀಣಿ, ಅಂದರೆ ಎಂದೂ ಮುಗಿಯದ್ದು, ಗೆದ್ದಲು. ಆಗಾಮಿ ಹಿಂದಿನ ಮನೆಯವರ ಇನ್ನೊಂದಡಿ. ಸಿದ್ಧ ನಾವು, ಸಾಧ್ಯ ಮುಂದಿನ ಮಳೆಗಾಲ.

“ಒಂದ್ನಿಮಿಷ” ಎಂದಳು ಅಕ್ಕ. “ಆ ನಿಧಿ ಅನ್ನೋದು ತೆಗೀರಿ.”

“ಎಲ್ಲಾ ಪತ್ರದಲ್ಲೂ ಇರ್ತದಮ್ಮ.”

“ನಮ್ಮನೇಲಿ ಇಲ್ವಲ್ಲ. ಇಲ್ಲದ್ದನ್ನ ಮಾರಿದೀವಿ ಅಂತ ಬರೆದು ನಾಳೆ ಇವರು ಕೇಳಿದ್ರೆ ನಾನೆಲ್ಲಿಂದ ತರ್ಲಿ?”

ಪಾರ್ಟಿಯ ಕಣ್ಣು ಅಕ್ಕನ ಮೇಲೆ ನೆಟ್ಟಿತು. ಇಷ್ಟೂ ದಿನ ಬೆಲೆಯ ಮೇಲೆ ಚೌಕಾಸಿ ಮಾಡದ ಹೆಂಗಸು, ಗೆದ್ದಲಿಗೂ ಹಾವಿಗೂ ತಾನೇ ಸಾಕ್ಷಿ ಹೇಳಿದ ಹೆಂಗಸು ಒಂದೇ ಒಂದು ಪದಕ್ಕೆ ಹಟ ಹಿಡಿದಿದ್ದಾಳೆ.

“ಇರ್ಲಿ ಬಿಡಿ ಅಕ್ಕಾರೆ.”

“ಇಲ್ಲಪ್ಪ, ತೆಗೀಲೇಬೇಕು.”

ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನೇ ಇದೆ ಎಂದು ಪತ್ರ ಬರಹಗಾರರು ಸಮಾಧಾನ ಹೇಳಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಪಾರ್ಟಿ ಬ್ರೋಕರನ್ನು ಹೊರಗೆ ಕರೆದುಕೊಂಡು ಹೋದರು. ಬಂದ ಬ್ರೋಕರ್ ನನ್ನ ಕಿವಿಯಲ್ಲಿ, “ಪದ ಹಂಗೇ ಇದ್ರೆ ಇನ್ನೊಂದು ಲಕ್ಷ ಹಾಕ್ತಾರಂತೆ” ಎಂದರು. ಅಕ್ಕ ತಲೆಯಾಡಿಸಿದಳು. ಒಂದೂವರೆ ಆಯಿತು, ಎರಡಾಯಿತು. ಎರಡು ಲಕ್ಷಕ್ಕೆ ಅಣ್ಣ ಅಕ್ಕನ ಕಾಲು ಹಿಡಿಯುವುದೊಂದು ಬಾಕಿ. “ನಾನಂತೂ ಇಲ್ಲ ಅಂತ ನಾಲ್ಕು ಜನದ ಮುಂದೆ ಹೇಳಿದೀನಿ, ಆಮೇಲೆ ನನ್ನ ಕೇಳಂಗಿಲ್ಲ” ಎಂದು ಅಕ್ಕ ಸಹಿ ಹಾಕಿದಳು. ಕಣ್ಣಿಗೆ ಕಾಣುವ ಬಾಗಿಲಿಗೆ, ಕಂಬಕ್ಕೆ ಬಿಡಿಗಾಸು ಕೊಡದ ವ್ಯಕ್ತಿ, ಇಲ್ಲವೆಂದು ಪ್ರಮಾಣ ಮಾಡಿ ಹೇಳಿದ್ದಕ್ಕೆ ಎರಡು ಲಕ್ಷ ಆರ್‌ಟಿಜಿಎಸ್ ಮಾಡಿದರು.

ಹಳೇ ಮನೆಯ ಬೆಲೆ ಕಟ್ಟುವವರು ಸೈಟ್ ರೇಟು, ಮಾರ್ಗಸೂಚಿ ದರ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಕಂಡಂತೆ ದರದ ಪಟ್ಟಿಯಲ್ಲಿ ಎರಡೇ ಸಾಲು. ಕಂಡ ದೋಷಕ್ಕೆ ಬೆಲೆ ಇಳಿಯುತ್ತದೆ, ಕಾಣದ ಅನುಮಾನಕ್ಕೆ ಏರುತ್ತದೆ. ಬಿರುಕಿಗೆ ಸುಣ್ಣ ಬಳಿದು ಮುಚ್ಚುವವರು ಮೊದಲ ಸಾಲಿನಲ್ಲೇ ಒದ್ದಾಡುತ್ತಾರೆ; ಎರಡನೆಯ ಸಾಲಿಗೆ ಬಂಡವಾಳವೇ ಬೇಡ, ಕೇಳದೆ ಇದ್ದರೂ ನಿಜ ಹೇಳುವ ಒಬ್ಬ ಅಕ್ಕ ಇದ್ದರೆ ಸಾಕು. ಆದರೆ ಅದನ್ನು ಉಪಾಯವಾಗಿ ಮಾಡಹೊರಟರೆ ನಡೆಯುವುದಿಲ್ಲ. ಅಕ್ಕನಿಗೆ ಇಂದಿಗೂ ತಾನು ಪಾರ್ಟಿಯನ್ನು ನಷ್ಟದಿಂದ ತಪ್ಪಿಸಲು ಹೋಗಿ ಸೋತೆ ಎಂಬ ಕೊರಗಿದೆ.

ಮನೆ ಬಿತ್ತು. ಬಾಗಿಲು ಕಂಬಗಳು ಲಾರಿ ಹತ್ತಿದವು. ಪಾಯ ತೋಡಲು ಬಂದ ಜೆಸಿಬಿ ಪಾಯದ ಆಳ ಮುಗಿದ ಮೇಲೂ ನಿಲ್ಲಲಿಲ್ಲವಂತೆ. ಒಂದು ಒರಳುಕಲ್ಲು, ಒಂದು ತೂತಾದ ತಾಮ್ರದ ಹಂಡೆ ಸಿಕ್ಕವು. ಹಂಡೆ ಸಿಕ್ಕ ದಿನ ರಾತ್ರಿಯೂ ಕೆಲಸ ನಡೆಯಿತಂತೆ. ಗುಂಡಿ ಹೇಗೂ ಆಗಿಹೋಗಿತ್ತು, ಮಣ್ಣು ತುಂಬಿಸುವುದಕ್ಕೆ ದುಬಾರಿ. ಹಾಗಾಗಿ ಆ ಬೀದಿಯಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಇರುವ ಕಟ್ಟಡ ಈಗ ಅದೊಂದೇ.

ಮೊನ್ನೆ ಬ್ರೋಕರ್ ಸಿಕ್ಕಿದ್ದರು. ಹಳೇ ಮನೆ ಮಾರುವವರು ಬಂದರೆ ಸುಣ್ಣ ಬಳಿಸಬೇಡಿ ಎನ್ನುವುದರ ಜೊತೆಗೆ ಈಗ ಇನ್ನೊಂದು ಸಲಹೆಯನ್ನೂ ಕೊಡುತ್ತಾರಂತೆ: ಪತ್ರ ಓದುವಾಗ ನಿಧಿ ಎಂಬ ಪದಕ್ಕೆ ತಕರಾರು ತೆಗೆಯಿರಿ. ಎಲ್ಲರೂ ತೆಗೆಯತೊಡಗಿ ಪಾರ್ಟಿಗಳು ಹುಷಾರಾಗಿಬಿಟ್ಟಿವೆಯಂತೆ.

“ನಿಮ್ಮ ಅಕ್ಕಾರು ಹೇಳ್ದಂಗೆ ಯಾರಿಗೂ ಹೇಳೋಕೆ ಬರಾಕಿಲ್ಲ ಸಾರ್. ಒಂದ್ಸಾರಿ ಗುಬ್ಬಿಗೆ ಕರ್ಕೊಂಡ್ ಬನ್ನಿ. ಕುಣಿಗಲ್ ಬಸ್ ಚಾರ್ಜು ನಾನೇ ಕೊಡ್ತೀನಿ, ಕಮಿಷನ್ನಲ್ಲೂ ಅರ್ಧ.”

ಅಕ್ಕನಿಗೆ ಹೇಳಿದೆ. ಅರ್ಧಕ್ಕೆ ಅವಳು ಒಪ್ಪಲಿಲ್ಲ.