ಥಂಡರ್‌ಬೋಲ್ಟ್‌ಗೂ ಸೆಖೆ

ಇಂಜಿನ್ ಕೊಳ್ಳುವುದು ಸುಲಭ, ದುಡ್ಡು ಎಣಿಸಿದರಾಯಿತು. ಅದನ್ನು ವಿಮಾನದ ಮೂಗಿನಲ್ಲಿ ಕೂರಿಸುವುದೂ ಅಂಥ ಬ್ರಹ್ಮವಿದ್ಯೆಯಲ್ಲ, ಅಳತೆ ತಪ್ಪದಿದ್ದರಾಯಿತು. ಕೂರಿಸಿದ ಇಂಜಿನ್ ಬೇಯದ ಹಾಗೆ ನೋಡಿಕೊಳ್ಳುವುದಿದೆಯಲ್ಲ, ಅದು ಮಾತ್ರ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಷಡ್ಡಕ ಬೇಕು, ಮಾವ ಬೇಕು, ಅಡುಗೆಮನೆಯ ಥರ್ಮಾಮೀಟರ್ ಬೇಕು, ಅದು ಇಟ್ಟ ಜಾಗದಲ್ಲಿಲ್ಲ ಎಂದು ಕೂಗಾಡಲು ಅತ್ತಿಗೆಯೂ ಬೇಕು.

ವಿಮಾನದ ಯಜಮಾನರು ನನ್ನ ಹೆಂಡತಿಯ ಅಕ್ಕನ ಗಂಡ. ಲೆಕ್ಕಕ್ಕೆ ಷಡ್ಡಕರು, ಹಿರಿಯರಾದ್ದರಿಂದ ಬಾಯಲ್ಲಿ ಭಾವ. ಇರುವುದು ಅಮೆರಿಕದ ಓಹಾಯೋ ರಾಜ್ಯದ ಡೇಟನ್ನಿನಲ್ಲಿ, ಅಂದರೆ ರೈಟ್ ಸಹೋದರರ ಊರಿನಲ್ಲಿ. ಸೈಕಲ್ ಅಂಗಡಿಯ ಅಣ್ಣತಮ್ಮಂದಿರು 1903ರಲ್ಲಿ ವಿಮಾನ ಹಾರಿಸಿಬಿಟ್ಟರು ನೋಡಿ, ಅಂದಿನಿಂದ ಆ ಊರಿನಲ್ಲಿ ಗ್ಯಾರೇಜು ಇರುವ ಗಂಡಸರಿಗೆಲ್ಲ ತಮ್ಮ ಕೈಲೂ ಆದೀತು ಎಂಬ ಧೈರ್ಯ. ಆ ವಿಮಾನದ 12 ಅಶ್ವಶಕ್ತಿಯ ಇಂಜಿನ್ ಮಾಡಿಕೊಟ್ಟವನು ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್. ಶಾಲೆಯ ಪುಸ್ತಕದಲ್ಲಿ ಅವನ ಹೆಸರು ಓದಿದ ನೆನಪು ಯಾರಿಗಾದರೂ ಇದೆಯೇ? ಇಂಜಿನ್ ಕೆಲಸದವರ ಹಣೆಬರಹ ಮೊದಲಿನಿಂದಲೂ ಅಷ್ಟೇ.

ಭಾವನ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ನಾನು ಕಂಡಿಲ್ಲ. ಕಾರು ಹಿಮದಲ್ಲಿ, ಮಳೆಯಲ್ಲಿ ಹೊರಗೆ ನಿಂತಿರುತ್ತದೆ. ಒಳಗೆ ಬೆಚ್ಚಗೆ ನಿಂತಿರುವುದು ಪಿ-47 ಥಂಡರ್‌ಬೋಲ್ಟ್. ಅಸಲಿ ಪಿ-47 ಎರಡನೆಯ ಮಹಾಯುದ್ಧದ ಅಮೆರಿಕದ ಯುದ್ಧವಿಮಾನ. 15,000ಕ್ಕೂ ಹೆಚ್ಚು ತಯಾರಾದವು. ಮದ್ದುಗುಂಡು, ಪೆಟ್ರೋಲು ತುಂಬಿದರೆ ಏಳೆಂಟು ಟನ್ ತೂಗುತ್ತಿದ್ದ ಗುಂಡುಹೊಟ್ಟೆಯ ಆಸಾಮಿ. ಮೂಗಿನಲ್ಲಿ ಎರಡು ಸುತ್ತಿನಲ್ಲಿ ಜೋಡಿಸಿದ 18 ಸಿಲಿಂಡರುಗಳ, 46 ಲೀಟರಿನ, 2,000 ಅಶ್ವಶಕ್ತಿಯ ಇಂಜಿನ್. ಭಾವನದು ಅದರ ಐದನೇ ಒಂದು ಅಳತೆಯ ರಿಮೋಟ್ ವಿಮಾನ. ರೆಕ್ಕೆ ಎರಡೂವರೆ ಮೀಟರ್, ತೂಕ 16 ಕೆ.ಜಿ., ಇಂಜಿನ್ 62 ಸಿಸಿ, ಸಿಲಿಂಡರ್ ಒಂದೇ ಒಂದು. ಇದನ್ನು ಯಾರಾದರೂ ‘ಆಟದ ವಿಮಾನ’ ಎಂದರೆ ಭಾವ ಆ ದಿನವಿಡೀ ಅವರೊಂದಿಗೆ ಮಾತಾಡುವುದಿಲ್ಲ.

ಈ ಅಳತೆಯ ಪೆಟ್ರೋಲ್ ಇಂಜಿನ್‌ಗಳ ಕುಲಗೋತ್ರ ಕೆದಕಿದರೆ ತಲುಪುವುದು ಯುದ್ಧಭೂಮಿಗಲ್ಲ, ತೋಟಕ್ಕೆ. ಮರ ಕೊಯ್ಯುವ ಗರಗಸಕ್ಕೂ ಕಳೆ ಹೊಡೆಯುವ ಮೆಷಿನ್ನಿಗೂ ಮಾಡಿದ ಟೂ ಸ್ಟ್ರೋಕ್ ಇಂಜಿನ್‌ಗಳನ್ನೇ ಹವ್ಯಾಸಿಗಳು ಮೊದಲು ವಿಮಾನಕ್ಕೆ ತಿರುಗಿಸಿಕೊಂಡದ್ದು. ಆಮೇಲೆ ಕಂಪನಿಗಳು ವಿಮಾನಕ್ಕೆಂದೇ ಮಾಡತೊಡಗಿದವು. ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ ಅಣ್ಣ ಹೆಗಲಿಗೆ ನೇತುಹಾಕಿಕೊಂಡು ಅಡಿಕೆ ಮರದ ಬುಡದ ಹುಲ್ಲು ಹೊಡೆಯುವ ಮೆಷಿನ್ನೂ ಈ ಥಂಡರ್‌ಬೋಲ್ಟಿನ ಹೃದಯವೂ ಖಾಸಾ ದಾಯಾದಿಗಳು. ಅದೇ ಪೆಟ್ರೋಲು, ಲೀಟರಿಗೆ 25 ಮಿ.ಲೀ. ಅದೇ ಟೂಟಿ ಆಯಿಲ್ಲು, ಅದೇ ಹೊಗೆ. ಈ ಮಾತನ್ನು ಭಾವನ ಎದುರು ಹೇಳುವಂತಿಲ್ಲ.

ಕೂರಿಸುವ ಕಥೆಯನ್ನು ಚುಟುಕಾಗಿ ಮುಗಿಸುತ್ತೇನೆ. ಮೂಗಿನ ಹಿಂದೆ ದಪ್ಪ ಪ್ಲೈವುಡ್ಡಿನ ಗೋಡೆ, ಫೈರ್‌ವಾಲ್. ಅದಕ್ಕೆ ತೂತು ಕೊರೆದು, ಹಿಂದಿನಿಂದ ಟೀ ನಟ್ಟು ಕಚ್ಚಿಸಿ, ಬೋಲ್ಟಿಗೆ ನೀಲಿ ಅಂಟು ಹಾಕಿ ಬಿಗಿಯಬೇಕು. ಒಂಟಿ ಸಿಲಿಂಡರಿನ ಅದುರಿಗೆ ಅಂಟಿಲ್ಲದ ನಟ್ಟು ಮೊದಲ ಹಾರಾಟದಲ್ಲೇ ಸನ್ಯಾಸ ತೆಗೆದುಕೊಳ್ಳುತ್ತದೆ. ಸೊಗಸು ಇರುವುದು ಕೋನದಲ್ಲಿ. ಪ್ರೊಪೆಲರ್ ತಿರುಗುವ ರಭಸಕ್ಕೆ ವಿಮಾನ ಎಡಕ್ಕೆ ಎಳೆಯುತ್ತದೆ. ಆದ್ದರಿಂದ ಇಂಜಿನ್ನನ್ನು ಒಂದೆರಡು ಡಿಗ್ರಿ ಬಲಕ್ಕೆ ಓರೆಯಾಗಿ ಕೂರಿಸಬೇಕು. ಓರೆಯಾಗಿ ಕೂರಿಸಿದರೆ ಪ್ರೊಪೆಲರಿನ ನಡುಬಿಂದು ಮೂಗಿನ ನಡುವಿಗೆ ಬರುವುದಿಲ್ಲ. ಆದ್ದರಿಂದ ಇಡೀ ಇಂಜಿನ್ನನ್ನು ಕೆಲವು ಮಿಲಿಮೀಟರ್ ಎಡಕ್ಕೆ ಸರಿಸಬೇಕು. ಬಲಕ್ಕೆ ನೋಡುತ್ತ ಎಡಕ್ಕೆ ಕೂರುವುದು ಎಂದರೆ ಇದೇ. ನಮ್ಮ ಕೆಲವು ರಾಜಕಾರಣಿಗಳಿಗೆ ಇದು ಹುಟ್ಟಿನಿಂದಲೇ ಬಂದಿರುತ್ತದೆ, ಭಾವನಿಗೆ ಒಂದು ವಾರಾಂತ್ಯ ಹಿಡಿಯಿತು.

ಇನ್ನೊಂದು ತಮಾಷೆಯಿದೆ. ಅತಿ ಹಗುರವಾದ ಇಂಜಿನ್ ಎಂದು ಹುಡುಕಿ, ಗ್ರಾಂ ಲೆಕ್ಕದಲ್ಲಿ ಚೌಕಾಸಿ ಮಾಡಿ, ಹೆಚ್ಚು ದುಡ್ಡು ಕೊಟ್ಟು ತಂದರು. ಥಂಡರ್‌ಬೋಲ್ಟಿನದು ಮೊಂಡುಮೂಗು. ಎಲ್ಲ ಜೋಡಿಸಿ ತೂಕ ಸರಿಯಾಗಿ ನಿಲ್ಲುತ್ತದೆಯೇ ಎಂದು ರೆಕ್ಕೆಯ ಕೆಳಗೆ ಬೆರಳಿಟ್ಟು ಎತ್ತಿ ನೋಡಿದರೆ ವಿಮಾನ ಬಾಲದ ಮೇಲೆ ಕೂತುಬಿಟ್ಟಿತು. ಕೊನೆಗೆ ಒಂದು ಕೆ.ಜಿ.ಗೂ ಹೆಚ್ಚು ಸೀಸ ತಂದು ಅದೇ ಹಗುರ ಇಂಜಿನ್ನಿನ ಪಕ್ಕದಲ್ಲಿ ತುರುಕಿದ್ದಾಯಿತು. ಭಾರದ ಇಂಜಿನ್ ತಂದಿದ್ದರೆ ಸೀಸದ ದುಡ್ಡೂ ಉಳಿಯುತ್ತಿತ್ತು ಎಂದು ಅತ್ತಿಗೆ ಒಂದೇ ಸಲ ಹೇಳಿದರು. ಒಂದು ಸಲ ಸಾಕಾಯಿತು.

ಈಗ ಅಸಲು ವಿಷಯ. ಅಸಲಿ ಪಿ-47ನ ಮೂಗಿನೊಳಗೆ ಬಗ್ಗಿ ನೋಡಿದರೆ ಸಿಲಿಂಡರುಗಳು ದುಂಡಗೆ ಕಾಣುತ್ತವೆ. ಭಾವನದರಲ್ಲಿ ಇರುವುದು ಒಂದೇ, ಅದೂ ತಲೆಕೆಳಗಾಗಿ ನೇತುಬಿದ್ದಿರುವುದು. ಹಾಗಾಗಿ ಎದುರಿಗೆ ಪ್ಲಾಸ್ಟಿಕ್ಕಿನ ಸುಳ್ಳು ಇಂಜಿನ್. ಒಂದು ಇಡೀ ಚಳಿಗಾಲ ಭಾವ ಅದಕ್ಕೆ ಬಣ್ಣ ಹಚ್ಚಿದರು, ಪ್ಲಗ್ಗಿನ ವೈರುಗಳಿಗೆ ತಾಮ್ರದ ಎಳೆ ಸೇರಿಸಿದರು, ಎಣ್ಣೆ ಸೋರಿದ ಕಲೆಯನ್ನೂ ಬ್ರಷ್ಷಿನಲ್ಲಿ ಬಿಡಿಸಿದರು. ಸುಳ್ಳು ಇಂಜಿನ್ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿತು. ನಿಜವಾದದ್ದು ಅದರ ಬೆನ್ನ ಹಿಂದೆ ಉಸಿರುಕಟ್ಟಿ ನೇತಾಡಿತು.

ವಸಂತದ ಚಳಿಗಾಳಿಯಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಜುಲೈ ಬಂತು. ಓಹಾಯೋದ ಜುಲೈ ಮಂಗಳೂರಿನ ಮೇ ತಿಂಗಳಿಗೆ ಅಷ್ಟೇನೂ ಬಿಟ್ಟುಕೊಡುವುದಿಲ್ಲ. ನಾನು ಒಂದು ಗಂಟೆ ದಾರಿಯ ಸಿನ್ಸಿನಾಟಿಯಿಂದ ಪ್ರತಿ ಭಾನುವಾರ ಹೋಗುವುದು ಒಂದೇ ಹುದ್ದೆಗೆ: ಇಂಜಿನ್ ಚಾಲೂ ಮಾಡುವಾಗ ವಿಮಾನದ ಬಾಲ ಹಿಡಿಯುವುದು. 22 ಇಂಚಿನ ಪ್ರೊಪೆಲರ್ ತಿರುಗತೊಡಗಿದರೆ 16 ಕೆ.ಜಿ. ವಿಮಾನ ಹಗ್ಗ ಜಗ್ಗುವ ಹೋರಿಯಾಗುತ್ತದೆ, ಹಿಡಿದವನ ಅಂಗಿಯೆಲ್ಲ ಟೂಟಿ ಆಯಿಲ್ ಮಯ. ಅಂಥ ಒಂದು ಭಾನುವಾರ ಏರಿದ ಥಂಡರ್‌ಬೋಲ್ಟ್ ನಾಲ್ಕೈದು ನಿಮಿಷ ಗಂಭೀರವಾಗಿ ಸುತ್ತಿತು. ಆಮೇಲೆ ದನಿ ಕುಗ್ಗಿತು, ಎರಡು ಸಲ ಕೆಮ್ಮಿತು, ನಿಂತಿತು. ಇಂಜಿನ್ ನಿಂತ ಯುದ್ಧವಿಮಾನ ತೇಲುವುದಿಲ್ಲ, ಇಳಿಯುತ್ತದೆ. ಪಕ್ಕದ ರೈತನ ಸೋಯಾ ಹೊಲದಲ್ಲಿ ಇಳಿಯಿತು. ಚಕ್ರದ ಕಾಲು ಸೊಟ್ಟಗಾಯಿತು, ಭಾವನ ಮುಖವೂ ಅದೇ ಕೋನಕ್ಕೆ ತಿರುಗಿತು. ಹೊತ್ತು ತಂದು ತಿರುಗಿಸಿದರೆ ಇಂಜಿನ್ ಮುನಿಸಿಕೊಂಡು ಸುಮ್ಮನಿತ್ತು. ನಾವು ಅತ್ತಿಗೆ ಕಟ್ಟಿಕೊಟ್ಟ ಚಿತ್ರಾನ್ನ ತಿಂದು ಮುಗಿಸುವಷ್ಟರಲ್ಲಿ, ಏನೂ ಆಗೇ ಇಲ್ಲವೆಂಬಂತೆ ಮೊದಲ ಏಟಿಗೇ ಹೊತ್ತಿಕೊಂಡಿತು.

ವಿಮಾನ ಹಾರಿಸುವ ಮೈದಾನ ಅಂದ ಮೇಲೆ ಪರಿಣತರಿಗೆ ಬರವೇ? ಒಬ್ಬರು ಕಾರ್ಬುರೇಟರಿನ ಸೂಜಿ ತಿರುಗಿಸಿ ಅಂದರು, ಇನ್ನೊಬ್ಬರು ತಿರುಗಿಸಿದ್ದೇ ತಪ್ಪು ಅಂದರು. ಪ್ಲಗ್ಗು ಬದಲಾಯಿತು, ಪೆಟ್ರೋಲು ಬದಲಾಯಿತು, ಎಣ್ಣೆಯ ಬ್ರಾಂಡೂ ಬದಲಾಯಿತು. ಬದಲಾಗದೆ ಉಳಿದದ್ದು ಸೋಯಾ ಹೊಲ.

ಆ ವರ್ಷ ನಮ್ಮಿಬ್ಬರ ಮಾವ ಆರು ತಿಂಗಳ ವೀಸಾದಲ್ಲಿ ಬಂದಿದ್ದರು. ಬೆಂಗಳೂರಿನ ಎಚ್.ಎ.ಎಲ್.ನ ಇಂಜಿನ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು, ಎಂಬತ್ತು ದಾಟಿದ್ದಾರೆ. ಹುಡುಗರಾಗಿದ್ದಾಗ ಪುಷ್ಪಕ್ ವಿಮಾನದ ಇಂಜಿನ್ ಬಿಚ್ಚಿ ಜೋಡಿಸಿದವರು. 1958ರಲ್ಲಿ ಮೊದಲು ಹಾರಿದ ಆ ಎರಡು ಸೀಟಿನ ಪುಟ್ಟ ವಿಮಾನದಲ್ಲಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳ ಎಷ್ಟೋ ಪೈಲಟ್‌ಗಳು ಹಾರಲು ಕಲಿತರು. ಅಮೆರಿಕದ ಯುದ್ಧವಿಮಾನದ ಮೇಲೆ ಬೆಂಗಳೂರಿನವರು ಕೈಯಾಡಿಸುವುದೇನೂ ಹೊಸತಲ್ಲ. 1943ರಿಂದ ಯುದ್ಧ ಮುಗಿಯುವವರೆಗೆ ಇದೇ ಎಚ್.ಎ.ಎಲ್., ಅಂದರೆ ಆಗಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಮೆರಿಕದ ಸೇನೆಯ ರಿಪೇರಿ ಡಿಪೋ ಆಗಿತ್ತು.

ಅಷ್ಟು ದಿನ ಸೋಫಾದಲ್ಲಿ ಕೂತು ಕನ್ನಡ ಧಾರಾವಾಹಿ ನೋಡುತ್ತಿದ್ದ ಮಾವ ಒಂದು ಸಂಜೆ ಗ್ಯಾರೇಜಿಗೆ ಬಂದರು. ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು:

“ಅಳಿಯಂದ್ರೇ, ಗಾಳಿ ಎಲ್ಲಿಂದ ಆಚೆ ಹೋಗುತ್ತೆ?”

“ಮುಂದಿನಿಂದ ಬರುತ್ತೆ ಮಾವ. ನೋಡಿ, ಎಷ್ಟು ದೊಡ್ಡ ಬಾಯಿ!”

“ಬರೋದು ಕೇಳಲಿಲ್ಲ ನಾನು. ಹೋಗೋದು?”

ಭಾವ ವಿಮಾನದ ಹೊಟ್ಟೆಯ ಕೆಳಗೆ ಬಗ್ಗಿದರು. ಸೈಲೆನ್ಸರಿನ ಎರಡು ಕೊಳವೆಗಳ ಸುತ್ತ ಎರಡು ಬೆರಳು ತೂರುವಷ್ಟು ಸಂದು ಇತ್ತು. ಅಷ್ಟೇ.

ಮಾವ ಹೂ ಕಟ್ಟುವ ದಾರ ತರಿಸಿದರು. ಗೇಣಿನ ನಾಲ್ಕನೇ ಒಂದರಷ್ಟು ಉದ್ದದ ತುಂಡುಗಳನ್ನು ಸಿಲಿಂಡರಿನ ಬಿಸಿಯನ್ನು ಗಾಳಿಗೆ ಬಿಡುವ ತಗಡಿನಂಥ ಪದರಗಳ ಅಂಚಿಗೆ, ಕೌಲಿಂಗಿನ, ಅಂದರೆ ಮೂಗಿನ ಗೂಡಿನ, ಒಳಗೋಡೆಗೆ ಟೇಪಿನಲ್ಲಿ ಅಂಟಿಸಿದರು. ಎದುರಿಗೆ ದೊಡ್ಡ ಫ್ಯಾನ್ ಇಟ್ಟು, ನನಗೆ ಮೊಬೈಲ್ ಟಾರ್ಚ್ ಕೊಟ್ಟು, ಕೆಳಗಿನ ಸಂದಿಯಲ್ಲಿ ನೋಡಿ ಅಂದರು. ನೆಲದ ಮೇಲೆ ಅಂಗಾತ ಮಲಗಿ ನೋಡಿದೆ. ಮೂಗಿನ ಗೋಡೆಯ ದಾರಗಳು ಪಟಪಟ ಕುಣಿಯುತ್ತಿದ್ದವು. ಸಿಲಿಂಡರಿನ ಮೇಲಿನವು ಮಾತ್ರ ಅಲ್ಲಾಡಲೇ ಇಲ್ಲ. ಬಾಯಿಗೆ ಬಡಿದ ಗಾಳಿ ಸುಳ್ಳು ಇಂಜಿನ್ನಿನ ಸಂದುಗಳಲ್ಲಿ ನುಗ್ಗಿ, ಒಳಗೆ ತಿರುಗಿ, ಹೋಗಲು ದಾರಿ ಕಾಣದೆ ಬಂದ ಬಾಗಿಲಲ್ಲೇ ವಾಪಸಾಗುತ್ತಿತ್ತು.

“ಗಾಳಿ ಅಂದ್ರೆ ಮದುವೆಮನೆಗೆ ಬಂದ ಹುಡುಗರಿದ್ದ ಹಾಗೆ,” ಅಂದರು ಮಾವ. “ಕೆಲಸ ಇರೋ ಕಡೆ ತಲೆ ಹಾಕೋದಿಲ್ಲ. ಸುಲಭದ ದಾರಿಯಲ್ಲಿ ಊಟದ ಹಾಲ್‌ಗೆ ಹೋಗಿಬಿಡ್ತಾವೆ. ಉಳಿದ ಬಾಗಿಲೆಲ್ಲ ಮುಚ್ಚಿ ಉಗ್ರಾಣದ ಮೂಲಕವೇ ಹಾಯಿಸಬೇಕು.”

ಪುಷ್ಪಕ್‌ನ 90 ಅಶ್ವಶಕ್ತಿಯ ಇಂಜಿನ್ನಿನಲ್ಲೂ ಅದೇ ಕೆಲಸ ನಡೆಯುತ್ತಿತ್ತಂತೆ. ಸಿಲಿಂಡರುಗಳ ನಡುವೆ ಬಾಗಿಸಿದ ತಗಡು, ತಗಡಿನ ಅಂಚಿಗೆ ಪಟ್ಟಿ, ಎಲ್ಲೂ ಕಳ್ಳದಾರಿ ಇಲ್ಲ. ಒಂದು ಬದಿಯಲ್ಲಿ ಒತ್ತಿಕೊಂಡ ಗಾಳಿ ಪದರಗಳ ಮಧ್ಯೆ ಹಾದೇ ಇನ್ನೊಂದು ಬದಿಗೆ ಬೀಳಬೇಕು. ನಮ್ಮ ಕಾಲದ ಬಜಾಜ್ ಚೇತಕ್ ಸ್ಕೂಟರಿನ ಬಲಗಡೆಯ ಡಬ್ಬ ಬಿಚ್ಚಿದವರಿಗೂ ಇದು ಗೊತ್ತಿರಬೇಕು: ಸಿಲಿಂಡರನ್ನು ತಬ್ಬಿಕೊಂಡ ಒಂದು ಕವಚ, ಅದರೊಳಗೆ ಫ್ಯಾನು ಗಾಳಿ ದಬ್ಬುತ್ತದೆ. ಕವಚ ಕಳಚಿ ಓಡಿಸಿದರೆ ಗಾಳಿಗೆ ಮೈಯೊಡ್ಡಿದ್ದರೂ ಇಂಜಿನ್ ಕಾಯುತ್ತದೆ. ಮುಚ್ಚಿದರೇ ತಂಪು! ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದಲ್ಲಿ ಫ್ರೆಡ್ ವೀಕ್ ಎಂಬ ಇಂಜಿನಿಯರನ ತಂಡ 1928ರಲ್ಲಿ ಇದನ್ನೇ ದೊಡ್ಡದಾಗಿ ಸಾಧಿಸಿ ತೋರಿಸಿತು. ಅಲ್ಲಿಯವರೆಗೆ ಸಿಲಿಂಡರುಗಳು ಸಾಮಾನ್ಯವಾಗಿ ಹೊರಗೆ ಗಾಳಿಗೆ ಬಿದ್ದಿರುತ್ತಿದ್ದವು. ಲೆಕ್ಕ ಹಾಕಿ ಮಾಡಿದ ಕೌಲಿಂಗ್ ತೊಡಿಸಿದಾಗ ಕರ್ಟಿಸ್ ಹಾಕ್ ವಿಮಾನದ ವೇಗ ಗಂಟೆಗೆ 190 ಕಿ.ಮೀ. ಇದ್ದದ್ದು 220ಕ್ಕೆ ಏರಿತು, ಇಂಜಿನ್ನೂ ಬೇಯಲಿಲ್ಲ.

ಮಾವನ ಚಿಕಿತ್ಸೆಯಲ್ಲಿ ಕತ್ತರಿ ಪ್ರಯೋಗವಿತ್ತು. ಸುಳ್ಳು ಇಂಜಿನ್ನಿನ ಬೆನ್ನಿಗೆ ತೆಳು ಪ್ಲೈವುಡ್ ಅಂಟಿಸಿ ಎಲ್ಲ ಸಂದನ್ನೂ ಮುಚ್ಚಿದ್ದಾಯಿತು. ಕೆಳಗೆ, ಸಿಲಿಂಡರಿನ ನೇರಕ್ಕೆ ಮಾತ್ರ ಕಿಟಕಿ. ಅಲ್ಲಿಂದ ಸಿಲಿಂಡರಿನ ಎರಡೂ ಪಕ್ಕಕ್ಕೆ ಅಲ್ಯೂಮಿನಿಯಂ ತಗಡಿನ ಓಣಿ, ಪದರಗಳಿಗೆ ಮೂರ್ನಾಲ್ಕು ಮಿಲಿಮೀಟರ್ ದೂರದಲ್ಲಿ. ಇಲ್ಲಿಯವರೆಗೆ ಭಾವ ತಾಳಿಕೊಂಡರು. ಮೂಗಿನ ಹೊಟ್ಟೆಯ ಹಿಂಬದಿಯಲ್ಲಿ ಒಳದಾರಿಯ ಎರಡರಿಂದ ಮೂರರಷ್ಟು ಅಗಲದ ತೂತು ಬೇಕು ಎಂದಾಗ ಅವರ ಕೈ ನಡುಗಿತು. ಕಾದ ಗಾಳಿ ಹಿಗ್ಗುತ್ತದೆ, ಅದಕ್ಕೆ ಹೆಚ್ಚು ಜಾಗ ಬೇಕು ಎಂದು ಮಾವ ವಿವರಿಸಿದರೂ ಒಪ್ಪಲಿಲ್ಲ.

“ಮಾವ, ಅಸಲಿ ವಿಮಾನದಲ್ಲಿ ಇಲ್ಲಿ ತೂತಿಲ್ಲ.”

“ಅಸಲಿ ವಿಮಾನ ಸೋಯಾ ಹೊಲದಲ್ಲಿ ಇಳೀತಿತ್ತೇನ್ರೀ?”

ಭಾವ ಮುಖ ಆಚೆ ತಿರುಗಿಸಿಕೊಂಡರು, ಮಾವ ಕತ್ತರಿಸಿದರು. ತೂತಿನ ಮುಂದಿನ ಅಂಚಿಗೆ ಹೊರಕ್ಕೆ ಬಾಗಿದ ಒಂದು ತುಟಿ ಕೂರಿಸಿದರು. ಅದರ ಮೇಲಿಂದ ಹಾಯುವ ಗಾಳಿ ಒಳಗಿನ ಬಿಸಿಯನ್ನು ಹೀರಿ ಎಳೆಯುತ್ತದೆ. ಮತ್ತೆ ದಾರ, ಮತ್ತೆ ಫ್ಯಾನ್. ಈ ಸಲ ಸಿಲಿಂಡರಿನ ಮೇಲಿನ ದಾರಗಳೆಲ್ಲ ಒಂದೇ ದಿಕ್ಕಿಗೆ ಬಾಲ ಚಾಚಿ ನಿಂತವು.

ಅತ್ತಿಗೆ ಎಣ್ಣೆಯ ಕಾವು ನೋಡಿ ಕಜ್ಜಾಯ ಕರಿಯಲು ಇಟ್ಟುಕೊಂಡಿದ್ದ, ದೂರದಿಂದಲೇ ಬಿಸಿ ಅಳೆಯುವ ಥರ್ಮಾಮೀಟರ್ ಆಗಲೇ ಗ್ಯಾರೇಜಿನ ಸ್ವತ್ತಾಗಿತ್ತು. ಇಳಿದ ತಕ್ಷಣ ಪ್ಲಗ್ಗಿನ ಬುಡಕ್ಕೆ ಹಿಡಿದರೆ ಮೊದಲು 180 ಡಿಗ್ರಿ ದಾಟುತ್ತಿದ್ದದ್ದು ಈಗ 130ರ ಆಸುಪಾಸು. ಆಗಸ್ಟಿನ ಬಿಸಿಲಿನಲ್ಲೂ ಥಂಡರ್‌ಬೋಲ್ಟ್ ಪೆಟ್ರೋಲು ಮುಗಿಯುವತನಕ ಹಾರಿ, ಸ್ವಂತ ಇಚ್ಛೆಯಿಂದ ರನ್‌ವೇ ಮೇಲೆ ಇಳಿಯುತ್ತಿದೆ. ಮೈದಾನದಲ್ಲಿ ಭಾವ ಆ ತೂತನ್ನು “ನಮ್ಮ ಡಿಸೈನ್” ಎಂದು ತೋರಿಸುತ್ತಾರೆ. ಮಾವನ ಹೆಸರು ಎತ್ತುವುದಿಲ್ಲ.

ಡೇಟನ್ ಕಡೆ ಬರುವವರಿದ್ದರೆ ಅಲ್ಲಿಯ ವಾಯುಸೇನೆಯ ಮ್ಯೂಸಿಯಂ ನೋಡದೆ ಹೋಗಬೇಡಿ, ಟಿಕೆಟ್ ಇಲ್ಲ. ಒಳಗೆ ಅಸಲಿ ಪಿ-47 ನಿಂತಿದೆ. ಎಲ್ಲರೂ ಮೂಗಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಆಮೇಲೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಬಂದು ಕೌಲಿಂಗಿನ ಹಿಂಬದಿಯ ಅಂಚನ್ನು ನೋಡಿ. ಪೈಲಟ್ ಬೇಕೆಂದಾಗ ತೆರೆದು ಮುಚ್ಚುತ್ತಿದ್ದ ತಗಡಿನ ಬಾಗಿಲುಗಳ ಸಾಲು ಅಲ್ಲಿದೆ, ಬಿಸಿಗಾಳಿಗೆ ಬಿಟ್ಟ ದಾರಿ. ಇನ್ನೊಂದು ಮಾತು: ಬರುವುದಾದರೆ ಭಾನುವಾರಕ್ಕೆ ಹೊಂದಿಸಿಕೊಂಡು ಬನ್ನಿ, ಹಳೆಯ ಅಂಗಿ ತೊಟ್ಟು ಬನ್ನಿ. ಬಾಲ ಹಿಡಿಯಲು ಇನ್ನೊಬ್ಬರು ಬೇಕಾಗಿದ್ದಾರೆ.